ಮುಯ್ಯಿ ಬತ್ತಿ

ಆ ಸೋಮವಾರ ಬೆಳಿಗ್ಗೆ ತುಂಗೆಯ ಮೇಲಿಂದ ಎದ್ದ ಮಂಜು ಶೃಂಗೇರಿಯ ಬೀದಿಗಳನ್ನೆಲ್ಲ ತುಂಬಿಕೊಂಡಿತ್ತು. ಮೊದಲನೇ ಬಸ್ಸು ಸೇತುವೆಯಿಂದಲೇ ಹಾರ್ನ್ ಹಾಕಿಕೊಂಡು ಬಂತು. ಬಸ್ಸು ಕಾಣಲಿಲ್ಲ, ಹಾರ್ನ್ ಮಾತ್ರ ಕೇಳಿತು. ಪುಷ್ಯ ಮಾಸ ಮುಗಿಯುತ್ತ ಬಂದಿದ್ದರೂ ಚಳಿ ಬಿಟ್ಟಿರಲಿಲ್ಲ. ಹಿತ್ತಿಲ ದಾಸವಾಳದ ಎಲೆಗಳಿಂದ ಹನಿ ತೊಟ್ಟಿಕ್ಕುತ್ತಿತ್ತು.

ದೇವರ ಮನೆಯಲ್ಲಿ ಅನ್ನಪೂರ್ಣ ಮಡಿಯುಟ್ಟು ಮಣೆಯ ಮೇಲೆ ಕೂತಿದ್ದಳು. ತಣ್ಣೀರಿನ ಸ್ನಾನ ಆಗಿ ಕಾಲು ಗಂಟೆಯಾಗಿತ್ತು. ಮುಂದಿನ ತಟ್ಟೆಯಲ್ಲಿ ಬಿಡಿಸಿದ ಹತ್ತಿ, ಪಕ್ಕದಲ್ಲಿ ಬೆರಳಿಗೆ ಹಚ್ಚಿಕೊಳ್ಳಲು ಚಿಟಿಕೆ ವಿಭೂತಿ. ಹತ್ತಿಯ ಎಳೆಯೊಂದನ್ನು ತೆಗೆದು ಹೆಬ್ಬೆರಳು ತೋರುಬೆರಳುಗಳ ನಡುವೆ ಇಟ್ಟು ಹೊಸೆದಳು. ಬೆರಳು ಮಡಚಲಿಲ್ಲ. ಇನ್ನೊಮ್ಮೆ ಹೊಸೆದಳು. ಬತ್ತಿ ಬಿಚ್ಚಿಕೊಂಡು ಮತ್ತೆ ಹತ್ತಿಯಾಯಿತು. ಅವಳು ಎರಡೂ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಸ್ವಲ್ಪ ಹೊತ್ತು ಶಾರದೆಯ ಪಟವನ್ನು ನೋಡುತ್ತ ಕೂತಳು.

ಎರಡು ವರ್ಷದ ಹಿಂದೆ ಮಗಳು ಅರ್ಪಣಾ ಶಿವಮೊಗ್ಗದ ಆಸ್ಪತ್ರೆಯಲ್ಲಿ ಹತ್ತೊಂಬತ್ತು ದಿನ ಜ್ವರದಲ್ಲಿ ಮಲಗಿದ್ದಳು. ಅದರಲ್ಲಿ ಮೂರು ದಿನ ಕಣ್ಣೇ ಬಿಟ್ಟಿರಲಿಲ್ಲ. ಆಗ ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಅನ್ನಪೂರ್ಣ ಹರಕೆ ಹೊತ್ತದ್ದು: ಕೂಸು ಎದ್ದು ಮನೆಗೆ ಬಂದರೆ, ಶುರು ಮಾಡಿ ಒಂದು ವರ್ಷದೊಳಗೆ ಲಕ್ಷ ಬತ್ತಿ ಸ್ವಂತ ಕೈಯಿಂದ ಹೊಸೆದು ಉರಿಸುತ್ತೇನೆ. ಕೂಸು ಎದ್ದಳು, ಮನೆಗೆ ಬಂದಳು, ಈಗ ಕಾಲೇಜಿನ ಎರಡನೇ ವರ್ಷದಲ್ಲಿದ್ದಾಳೆ. ಕಳೆದ ವೈಶಾಖದಲ್ಲಿ ಬತ್ತಿ ಶುರುವಾಯಿತು. ಕಟ್ಟಿಗೆ ನೂರರಂತೆ ಸಾವಿರ ಕಟ್ಟು ಆಗಬೇಕು, ಬರುವ ವೈಶಾಖ ಹುಣ್ಣಿಮೆಗೆ ಬೆಟ್ಟದ ಮೇಲಿನ ದೇವಸ್ಥಾನದಲ್ಲಿ ಉರಿಸಬೇಕು. ನವರಾತ್ರಿಯವರೆಗೆ ದಿನಕ್ಕೆ ಮೂರು ಕಟ್ಟು ನಿರಾಯಾಸವಾಗಿ ಆಗುತ್ತಿತ್ತು. ಕಾರ್ತಿಕದಿಂದ ಈಚೆ ಕೈ ಹಿಡಿಯತೊಡಗಿತು. ಈಗ ಆರುನೂರ ಹತ್ತು ಕಟ್ಟಿಗೆ ನಿಂತಿದೆ.

ಎಂಟು ಗಂಟೆಗೆ ತಿಂಡಿ. ತೆಳ್ಳೇವು ದೋಸೆ, ಕಾಯಿಚಟ್ನಿ. ಅತ್ತೆ ಕಾಮಾಕ್ಷಮ್ಮ ಕುರ್ಚಿಯ ಮೇಲೆ ಕೂತು ತಟ್ಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಮಂಡಿ ಮಡಚಿ ನೆಲಕ್ಕೆ ಕೂರುವುದು ಅವರಿಗೆ ಆಗದೆ ಮೂರು ವರ್ಷವಾಗಿತ್ತು.

"ಇವತ್ತು ಎಷ್ಟಾಯ್ತು?" ಎಂದರು.

"ಹದಿನೆಂಟು."

"ಹದಿನೆಂಟು ಕಟ್ಟಾ?"

"ಹದಿನೆಂಟು ಬತ್ತಿ, ಅತ್ತೆ."

ಕಾಮಾಕ್ಷಮ್ಮ ತೆಳ್ಳೇವು ಹರಿಯುವುದನ್ನು ನಿಲ್ಲಿಸಿದರು. "ನಿನ್ನೆ ಸಂಜೆ ಸುಲೋಚನಮ್ಮನ ಜಗಲಿಯಲ್ಲಿ ಕೂತು ಎರಡು ಮೊಳ ಅಬ್ಬಲಿಗೆ ಹೂ ಕಟ್ಟಿದ್ದು ಯಾರು?"

"ನಾನೇ."

"ಆ ಬೆರಳು ಬೇರೆ, ಈ ಬೆರಳು ಬೇರೆಯಾ?"

"ಸಂಜೆಗೆ ಸಡಿಲ ಆಗ್ತದೆ ಅತ್ತೆ. ಬೆಳಿಗ್ಗೆ ಹಿಡಿದುಕೊಳ್ತದೆ."

"ನನಗೆ ಹನ್ನೆರಡು ವರ್ಷದಿಂದ ಮಂಡಿನೋವು. ನೋವು ಅಂದ್ರೆ ಎಂತ ಅಂತ ನನಗೆ ನೀನು ಹೇಳಿಕೊಡಬೇಕಾ? ಮಲಗಿ ಎದ್ದರೆ ಬೆಳಿಗ್ಗೆ ಹಗುರ, ಓಡಾಡಿದ ಹಾಗೆ ಸಂಜೆಗೆ ಜಾಸ್ತಿ. ಲೋಕದ ನೋವೆಲ್ಲ ಹಾಗೇ ಇರೋದು. ನಿನ್ನದು ಮಾತ್ರ ಒಂಬತ್ತೂವರೆಯ ಕೊಪ್ಪದ ಬಸ್ಸಿನ ಹಾಗೆ, ಸಮಯಕ್ಕೆ ಸರಿಯಾಗಿ ಬಿಡ್ತದೆ."

"ಅಮ್ಮ, ಕೊಪ್ಪದ ಬಸ್ಸು ಯಾವತ್ತೂ ಸಮಯಕ್ಕೆ ಬಿಟ್ಟದ್ದಿಲ್ಲ," ಎಂದ ಅನ್ನಪೂರ್ಣಳ ಗಂಡ ಯಜ್ಞೇಶ. ಅವನು ಯಾತ್ರಿಕರ ವಸತಿಗೃಹವೊಂದರಲ್ಲಿ ಉಗ್ರಾಣ ನೋಡಿಕೊಳ್ಳುತ್ತಿದ್ದ. ಮಾತು ಬಿಸಿಯಾದರೆ ತಮಾಷೆ ಮಾಡಿ ಎದ್ದುಹೋಗುವುದು ಅವನ ಅಭ್ಯಾಸ.

"ನೀನು ತಿಂದು ಏಳು. ಹೆಂಡತಿ ಹೊತ್ತ ಹರಕೆ ಅರ್ಧಕ್ಕೆ ನಿಂತರೆ ಯಾರ ತಲೆ ಮೇಲೆ ಬರ್ತದೆ ಅಂತ ಯೋಚನೆ ಇದೆಯಾ ನಿನಗೆ?"

ಅರ್ಪಣಾ ಅಜ್ಜಿಯ ಲೋಟಕ್ಕೆ ಕಾಫಿ ಬಗ್ಗಿಸಿದಳು. ಅವಳ ಕೂದಲು ಇನ್ನೂ ಒದ್ದೆಯಾಗಿತ್ತು. ಎರಡು ತಿಂಗಳಿಂದ ಅವಳು ಐದು ಗಂಟೆಗೇ ಎದ್ದು ಅಮ್ಮನಿಗಿಂತ ಮೊದಲು ತಣ್ಣೀರು ಹೊಯ್ದುಕೊಳ್ಳುತ್ತಿದ್ದಳು. ಕೂಸಿಗೆ ಈ ವಯಸ್ಸಿನಲ್ಲೇ ಭಕ್ತಿ ಬಂದಿದೆ ಎಂದು ಕಾಮಾಕ್ಷಮ್ಮ ಪಕ್ಕದ ಮನೆಯ ಸುಲೋಚನಮ್ಮನಲ್ಲಿ ಹೆಮ್ಮೆಯಿಂದ ಹೇಳಿಕೊಂಡಿದ್ದರು. ನಿಜ ಸಂಗತಿ ತಾಯಿಗೆ ಮತ್ತು ಮಗಳಿಗೆ ಮಾತ್ರ ಗೊತ್ತಿತ್ತು. ಅನ್ನಪೂರ್ಣಳಿಗೆ ಬೆಳಿಗ್ಗೆ ರವಿಕೆಯ ಹುಕ್ಕು ಹಾಕಿಕೊಳ್ಳಲು ಬೆರಳು ಬರುತ್ತಿರಲಿಲ್ಲ. ಸ್ನಾನವಾಗದವರು ಮುಟ್ಟಿದರೆ ಮಡಿ ಹೋಗುತ್ತದೆ. ಅದಕ್ಕೆ ಮಗಳು ಮೊದಲು ತಾನು ಮಿಂದು, ಆಮೇಲೆ ಬಚ್ಚಲ ಬಾಗಿಲ ಸಂದಿಯಲ್ಲಿ ನಿಂತು ಅಮ್ಮನ ಹುಕ್ಕು ಹಾಕಿಕೊಡುತ್ತಿದ್ದಳು.

"ಅಜ್ಜಿಗೆ ಹೇಳ್ತೇನೆ," ಎಂದು ದಿನಾ ಅನ್ನುತ್ತಿದ್ದಳು.

"ಬೇಡ. ನಂಬೂದಿಲ್ಲ. ನಂಬಿದರೂ ಹರಕೆಗೆ ಕುತ್ತು ಬಂತು ಅಂತ ಅಳ್ತಾರೆ," ಎಂದು ಅನ್ನಪೂರ್ಣ ದಿನಾ ಹೇಳುತ್ತಿದ್ದಳು.

*

ಬುಧವಾರ ಬೆಳಿಗ್ಗೆ ಬೇಗನೆ ಕಾಮಾಕ್ಷಮ್ಮ ತಮ್ಮ ಮಂಡಿ ತೋರಿಸಲು ಊರಾಚೆಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೊರಟರು. ಅಲ್ಲಿಗೆ ಸೀತೂರು ಕಡೆಯ ಹುಡುಗಿಯೊಬ್ಬಳು ಡಾಕ್ಟರಾಗಿ ಬಂದಿದ್ದಾಳೆ, ಕೂರಿಸಿ ಮಾತಾಡಿಸುತ್ತಾಳೆ ಎಂದು ಬೀದಿಯಲ್ಲಿ ಸುದ್ದಿಯಿತ್ತು. ಆಟೋ ಹತ್ತಿಸಿ ಇಳಿಸಲು ಅನ್ನಪೂರ್ಣ ಜೊತೆಗೆ ಹೋದಳು. ಬರುವಾಗ ಸುಲೋಚನಮ್ಮನ ಮನೆಯ ಮುಂದೆಯೇ ಆಟೋ ಇಳಿದು ಮುಯ್ಯಿ ಕೇಳುವುದೆಂದು ಕಾಮಾಕ್ಷಮ್ಮ, ವಾರವಾರದ ಒಂದೊಂದು ಕಟ್ಟನ್ನು ಗುರುತು ಹಾಕಿ ತುಂಬಿದ ಬತ್ತಿಯ ಡಬ್ಬಿಯನ್ನೂ ಚೀಲಕ್ಕೆ ಹಾಕಿಕೊಂಡಿದ್ದರು.

ಮುಯ್ಯಿ ಅಂದರೆ ಗದ್ದೆ ಕೆಲಸದ ಲೆಕ್ಕ. ಇವತ್ತು ನಿಮ್ಮ ನೆಟ್ಟಿಗೆ ನಾನು, ನಾಳೆ ನಮ್ಮ ನೆಟ್ಟಿಗೆ ನೀವು. ಕೂಲಿ ಇಲ್ಲ. ಆದರೆ ಮೈಯಿಂದ ಮಾಡಿದ್ದನ್ನು ಮೈಯಿಂದಲೇ ತೀರಿಸಬೇಕು. ಹರಕೆಯ ಬತ್ತಿಗೂ ಆ ಮನೆಯಲ್ಲಿ ಅದೇ ನೇಮ. ಬೇರೆಯವರು ಹೊಸೆದು ಕೊಟ್ಟರೆ ಲೆಕ್ಕಕ್ಕೆ ಬರುತ್ತದೆ, ಅಷ್ಟೇ ಬತ್ತಿಯನ್ನು ನಮ್ಮ ಕೈಯಿಂದ ಹೊಸೆದು ಹಿಂದೆ ಕೊಟ್ಟರೆ ಮಾತ್ರ.

ಡಾಕ್ಟರ್ ಶಿಲ್ಪಶ್ರೀಗೆ ಮೂವತ್ತು ದಾಟಿರಲಿಲ್ಲ. ಕಾಮಾಕ್ಷಮ್ಮನ ಮಂಡಿಯನ್ನು ಮುಟ್ಟಿ, ಮಡಚಿ, ಬಿಡಿಸಿ ನೋಡಿದರು.

"ಯಾವಾಗ ಜಾಸ್ತಿ ಅಜ್ಜಿ?"

"ನಡೆದರೆ, ಮೆಟ್ಟಿಲು ಹತ್ತಿದರೆ. ಸಂಜೆಗೆ. ಒಂದು ಇಂಜೆಕ್ಷನ್ ಹಾಕಿಬಿಡಿ ಡಾಕ್ಟರಮ್ಮ, ದೊಡ್ಡದು."

"ಇಂಜೆಕ್ಷನ್ ಬೇಡ. ಇದು ಸವೆತ. ತೊಡೆಯ ಸ್ನಾಯು ಗಟ್ಟಿಯಾದರೆ ಮಂಡಿಯ ಭಾರ ಕಮ್ಮಿ ಆಗ್ತದೆ. ಕುರ್ಚಿಯಲ್ಲಿ ಕೂತು ಒಂದು ಕಾಲು ನೇರ ಚಾಚಿ, ಹತ್ತು ಎಣಿಸಿ, ಇಳಿಸಿ. ಆಮೇಲೆ ಇನ್ನೊಂದು ಕಾಲು. ದಿನಕ್ಕೆ ಮೂರು ಹೊತ್ತು, ಹೊತ್ತಿಗೆ ಇಪ್ಪತ್ತು ಸಲ."

"ಕಾಲು ಆಡಿಸೂದಕ್ಕೆ ಆಟೋ ಮಾಡಿಕೊಂಡು ಬಂದದ್ದಾ ನಾನು?"

"ಹೌದು. ನಮ್ಮಜ್ಜಿಗೂ ಇದನ್ನೇ ಹೇಳಿದ್ದು. ಅವರೂ ಹೀಗೇ ಬಯ್ದರು. ಹಳೇ ಚೀಟಿ ಇದೆಯಾ?"

"ಅನ್ನಪೂರ್ಣ, ಚೀಲದಲ್ಲಿ ನೋಡು."

ಅನ್ನಪೂರ್ಣ ಚೀಲದ ಜಿಪ್ಪು ಎಳೆದಳು. ಬೆರಳಿಗೆ ಸಿಗಲಿಲ್ಲ. ತಲೆ ಬಗ್ಗಿಸಿ, ಯಾರಿಗೂ ಕಾಣದ ಹಾಗೆ, ಹಲ್ಲಿನಿಂದ ಎಳೆದಳು.

ಶಿಲ್ಪಶ್ರೀ ಪೆನ್ನು ಕೆಳಗಿಟ್ಟರು. "ನಿಮ್ಮ ಕೈ ಕೊಡಿ."

"ನನಗೆ ಎಂತದೂ ಇಲ್ಲ. ಅತ್ತೆಗೆ ತೋರಿಸಲಿಕ್ಕೆ ಬಂದದ್ದು."

"ಇರಲಿ, ಕೊಡಿ."

ಬೆರಳುಗಳ ಬುಡದ ಗೆಣ್ಣುಗಳನ್ನು ಮೆತ್ತಗೆ ಒಟ್ಟಿಗೆ ಒತ್ತಿದರು. ಅನ್ನಪೂರ್ಣ ಉಸಿರು ಬಿಗಿಹಿಡಿದಳು. ಎರಡೂ ಕೈಯಲ್ಲಿ ಒಂದೇ ಜಾಗದಲ್ಲಿ ಊದಿತ್ತು.

"ಬೆಳಿಗ್ಗೆ ಎಷ್ಟು ಹೊತ್ತು ಬಿಗಿ ಇರ್ತದೆ?"

"ಸ್ವಲ್ಪ ಹೊತ್ತು."

"ಸ್ವಲ್ಪ ಅಂದ್ರೆ?"

ಅನ್ನಪೂರ್ಣ ಗಡಿಯಾರ ನೋಡಿ ಕೆಲಸ ಮಾಡಿದವಳಲ್ಲ. ಡಾಕ್ಟರು ಪ್ರಶ್ನೆ ಬದಲಿಸಿದರು. "ಎದ್ದಾಗಿನಿಂದ ಮುಷ್ಟಿ ಪೂರ್ತಿ ಕಟ್ಟಲಿಕ್ಕೆ ಆಗುವವರೆಗೆ ಏನೇನು ಕೆಲಸ ಮುಗೀತದೆ ಹೇಳಿ."

"ಅಂಗಳ ಸಾರಿಸೋದು, ರಂಗೋಲಿ, ಸ್ನಾನ. ಬತ್ತಿ. ಆಮೇಲೆ ತಿಂಡಿ. ಇವರು ಹೊರಡೋದು, ಮಗಳು ಹೊರಡೋದು. ಪಾತ್ರೆ ತೊಳೆಯುವ ಹೊತ್ತಿಗೆ ಸಡಿಲ ಆಗ್ತದೆ."

"ಅದು ನಾಲ್ಕು ಗಂಟೆ ಹೊತ್ತು ಆಯ್ತು," ಎಂದರು ಶಿಲ್ಪಶ್ರೀ. "ಇದಕ್ಕೆ ಸ್ವಲ್ಪ ಹೊತ್ತು ಅಂತೀರಾ?"

ಕಾಮಾಕ್ಷಮ್ಮನಿಗೆ ತಡೆಯಲಾಗಲಿಲ್ಲ. "ಡಾಕ್ಟರಮ್ಮ, ನೀವೇ ನ್ಯಾಯ ಹೇಳಿ," ಎಂದು ಡಬ್ಬಿ ತೆಗೆದು ಮೇಜಿನ ಮೇಲೆ ಮುಚ್ಚಳ ಬಿಚ್ಚಿದರು. "ಹರಕೆ ಬತ್ತಿ. ಇದು ಶ್ರಾವಣದ್ದು, ಇದು ನವರಾತ್ರಿಯದ್ದು. ಇದನ್ನು ನೋಡಿ, ಮಾರ್ಗಶಿರದ್ದು. ಇದನ್ನು ಬತ್ತಿ ಅಂತಾರಾ? ಮನಸ್ಸಿಲ್ಲದೆ ಮಾಡಿದರೆ ಹೀಗೇ ಆಗೋದು."

ಶಿಲ್ಪಶ್ರೀ ಕಟ್ಟುಗಳನ್ನು ಒಂದೊಂದಾಗಿ ಸಾಲಾಗಿ ಇಟ್ಟರು. ಶ್ರಾವಣದವು ಸೂಜಿಯ ಹಾಗೆ ತೆಳ್ಳಗೆ, ಒಂದರ ಹಾಗೆ ಒಂದು. ಆಶ್ವಯುಜದವೂ ಹಾಗೇ. ಕಾರ್ತಿಕದ ಎರಡನೇ ವಾರದಿಂದ ತುದಿ ದಪ್ಪಗಾಗಿತ್ತು. ಮಾರ್ಗಶಿರದವು ನಡುವೆ ಬಿಚ್ಚಿಕೊಂಡಿದ್ದವು. ಪುಷ್ಯದ ಕಟ್ಟುಗಳು ದಾರ ಬಿಟ್ಟರೆ ಹಾರಿಹೋಗುವ ಹಾಗಿದ್ದವು.

"ಅಜ್ಜಿ, ನೀವು ಈ ಡಬ್ಬಿ ತಂದದ್ದು ದೊಡ್ಡ ಉಪಕಾರ ಆಯ್ತು," ಎಂದರು. "ಕಾಯಿಲೆ ಯಾವ ವಾರ ಶುರು ಆಯ್ತು ಅಂತ ಇಷ್ಟು ಸ್ಪಷ್ಟವಾಗಿ ಯಾವ ರೋಗಿಯೂ ನನಗೆ ಹೇಳಿದ್ದಿಲ್ಲ. ಇದು ಮನಸ್ಸಿನದ್ದಲ್ಲ. ಕೀಲಿನ ಉರಿಯೂತ. ಆಮವಾತ ಅಂತ ಕೇಳಿರ್ತೀರಿ."

"ಸಂಜೆ ಚೆನ್ನಾಗಿ ಇರ್ತಾಳಲ್ಲ."

"ಅದೇ ಇದರ ಗುರುತು. ನಿಮ್ಮದು ದುಡಿದ ಮೇಲೆ ಬರುವ ನೋವು, ಇವರದ್ದು ಮಲಗಿ ಎದ್ದ ಮೇಲೆ ಬರುವ ನೋವು. ಎರಡೂ ನಿಜ. ಒಂದರ ಅಳತೆಯಲ್ಲಿ ಇನ್ನೊಂದನ್ನು ಅಳೆಯಲಿಕ್ಕೆ ಆಗೂದಿಲ್ಲ. ಈಗಲೇ ಔಷಧಿ ಶುರು ಮಾಡಿದರೆ ಕೈ ಉಳೀತದೆ. ಬಿಟ್ಟರೆ ಬೆರಳು ಸೊಟ್ಟ ಆಗಿ ಹಾಗೇ ನಿಂತುಬಿಡ್ತದೆ."

ಕಾಮಾಕ್ಷಮ್ಮ ಪುಷ್ಯದ ಕಟ್ಟನ್ನು ಮತ್ತೆ ಡಬ್ಬಿಗೆ ಹಾಕುವಾಗ ಅದು ಬಿಚ್ಚಿಹೋಗದ ಹಾಗೆ ಎರಡೂ ಕೈಯಲ್ಲಿ ಎತ್ತಿ ಇಟ್ಟರು. ವಾಪಸು ಬರುವಾಗ ಸುಲೋಚನಮ್ಮನ ಮನೆ ಬಂತು. ಆಟೋ ನಿಲ್ಲಿಸಲು ಅವರು ಹೇಳಲಿಲ್ಲ.

*

ಮನೆಯಲ್ಲಿ ಜಗಳ ಬಂದದ್ದು ಮಡಿಯ ವಿಷಯಕ್ಕೆ. ಬೆಳಿಗ್ಗೆ ತಣ್ಣೀರು ಬೇಡ, ಬೆರಳಿನ ಕೆಲಸ ಸಂಜೆಗೆ ಇಟ್ಟುಕೊಳ್ಳಿ ಎಂದು ಡಾಕ್ಟರು ಹೇಳಿದ್ದರು.

"ಹರಕೆ ಬತ್ತಿ ಬೆಳಿಗ್ಗೆ, ಖಾಲಿ ಹೊಟ್ಟೆಯಲ್ಲಿ, ಮಡಿಯಲ್ಲಿ. ನಮ್ಮತ್ತೆ ಹಾಗೇ ಮಾಡಿದ್ದು, ಅವರತ್ತೆ ಹಾಗೇ ಮಾಡಿದ್ದು," ಎಂದರು ಕಾಮಾಕ್ಷಮ್ಮ. ಧ್ವನಿಯಲ್ಲಿ ಮೊದಲಿನ ಬಿರುಸು ಇರಲಿಲ್ಲ.

"ಶಾರದೆ ಸಂಜೆ ಹೊತ್ತು ಕಣ್ಣು ಮುಚ್ಚಿಕೊಳ್ತಾಳಾ ಅಜ್ಜಿ?" ಎಂದಳು ಅರ್ಪಣಾ.

"ದೊಡ್ಡವರ ಮಾತಿಗೆ ಬಾಯಿ ಹಾಕಬೇಡ. ನೀನಾದರೂ ಬೆಳಿಗ್ಗೆ ಎದ್ದು ಮೀಯ್ತೀಯ, ಅದೊಂದು ಸಮಾಧಾನ."

"ನಾನು ಮೀಯೋದು ಎಂತಕ್ಕೆ ಅಂತ ಗೊತ್ತಾ ನಿಮಗೆ?"

"ಅರ್ಪಣಾ," ಎಂದಳು ತಾಯಿ.

"ಇವತ್ತು ಹೇಳೇ ಹೇಳ್ತೇನೆ. ಅಮ್ಮನಿಗೆ ರವಿಕೆ ಹುಕ್ಕು ಹಾಕಲಿಕ್ಕೆ ಆಗೂದಿಲ್ಲ ಅಜ್ಜಿ. ನಾನು ಮೀಯದೆ ಮುಟ್ಟಿದರೆ ಅವಳ ಮಡಿ ಕೆಡ್ತದೆ. ಅದಕ್ಕೆ ಮೀಯೋದು. ಭಕ್ತಿಗೆ ಅಲ್ಲ."

ಯಜ್ಞೇಶ ಕೈತೊಳೆಯಲು ಎದ್ದವನು ಅಲ್ಲೇ ನಿಂತ. ಈ ಸಲ ಅವನಿಗೆ ತಮಾಷೆ ಹೊಳೆಯಲಿಲ್ಲ. "ನನಗೂ ಹೇಳಲಿಲ್ಲವಲ್ಲ," ಎಂದ ಹೆಂಡತಿಗೆ.

"ನೀವು ಕೇಳಿದ್ದರೆ ಹೇಳ್ತಿದ್ದೆ," ಎಂದಳು ಅವಳು.

ಕಾಮಾಕ್ಷಮ್ಮ ಎರಡು ದಿನ ಸೊಸೆಯ ಹತ್ತಿರ ಊಟಕ್ಕೆ ಬೇಕಾದ ಮಾತು ಬಿಟ್ಟು ಬೇರೆ ಆಡಲಿಲ್ಲ. ಮಜ್ಜಿಗೆ ಬೇಕು, ಉಪ್ಪು ಕಮ್ಮಿ, ಅಷ್ಟೇ. ಮೂರನೆಯ ದಿನ ಸಂಜೆ ನಾಲ್ಕೂವರೆಗೆ ಬಚ್ಚಲಿನಿಂದ ಹೊಗೆ ಬಂತು. ಅನ್ನಪೂರ್ಣ ಹೋಗಿ ನೋಡಿದರೆ ಅತ್ತೆ ಗೋಡೆ ಹಿಡಿದು ನಿಂತು, ಕೋಲಿನಿಂದ ಒಲೆಗೆ ಸೌದೆ ನೂಕುತ್ತಿದ್ದರು. ಹಂಡೆಯ ನೀರು ಕುದಿಯಲು ಬಂದಿತ್ತು.

"ಈಗ ಎಂತಕ್ಕೆ ಅತ್ತೆ ಬಿಸಿನೀರು?"

"ನಿನಗೆ. ಇನ್ನೊಂದು ಸ್ನಾನ ಮಾಡು. ಸಂಜೆಯ ಮಡಿಯೂ ಮಡಿಯೇ." ಒಲೆಯಿಂದ ಮುಖ ತಿರುಗಿಸದೆ ಮುಂದುವರಿಸಿದರು: "ಖಾಲಿ ಹೊಟ್ಟೆಯೂ ಬೇಡ. ಕಾಫಿ ಕುಡಿದೇ ಕೂರು. ತಪ್ಪಾದರೆ ನನಗೆ ಬರಲಿ, ನಾನು ಹೇಳಿಕೊಳ್ತೇನೆ ಶಾರದೆ ಹತ್ತಿರ."

ಆ ಸಂಜೆ ಒಂದೂವರೆ ಕಟ್ಟು ಬತ್ತಿಯಾಯಿತು.

*

ರಕ್ತಪರೀಕ್ಷೆಯ ವರದಿ ಬಂತು. ಶಿಲ್ಪಶ್ರೀ ಅದನ್ನು ಶಿವಮೊಗ್ಗದ ಕೀಲು ತಜ್ಞರಿಗೆ ಬರೆದು ಕಳಿಸಿದರು. ಒಂದು ದಿನ ಯಜ್ಞೇಶ ರಜೆ ಹಾಕಿ ಹೆಂಡತಿಯನ್ನು ಕರೆದುಕೊಂಡು ಹೋಗಿ ಬಂದ. ಕಾಯಿಲೆ ಅದೇ ಎಂದು ಗಟ್ಟಿಯಾಯಿತು. ಅಲ್ಲಿ ಬರೆದುಕೊಟ್ಟ ಔಷಧಿಯನ್ನು ಇಲ್ಲಿ ಶಿಲ್ಪಶ್ರೀಯೇ ಮುಂದುವರಿಸಿ, ತಿಂಗಳಿಗೊಮ್ಮೆ ರಕ್ತ ನೋಡುವುದೆಂದು ಆಯಿತು.

"ಈ ಗುಳಿಗೆ ವಾರಕ್ಕೆ ಒಂದು ದಿನ ಮಾತ್ರ," ಎಂದು ಶಿಲ್ಪಶ್ರೀ ಚೀಟಿಯ ಮೇಲೆ ದೊಡ್ಡದಾಗಿ ಬರೆದರು. "ವಾರದಲ್ಲಿ ನೀವು ಮರೆಯದೇ ಇರುವ ದಿನ ಯಾವುದು?"

"ಸೋಮವಾರ. ಒಪ್ಪತ್ತು."

"ಹಾಗಾದರೆ ಅದರ ಮರುದಿನ. ಮಂಗಳವಾರ, ಊಟ ಆದ ಮೇಲೆ. ಶುಕ್ರವಾರ ಈ ಇನ್ನೊಂದು. ಮಂಗಳವಾರದ್ದನ್ನು ದಿನಾ ತಗೊಂಡರೆ ಪ್ರಾಣಕ್ಕೇ ಅಪಾಯ, ನೆನಪಿರಲಿ. ಗುಣ ಕಾಣಲಿಕ್ಕೆ ಆರು ವಾರ, ಎಂಟು ವಾರ, ಒಮ್ಮೊಮ್ಮೆ ಹನ್ನೆರಡು ವಾರವೂ ಆಗ್ತದೆ."

ಯಜ್ಞೇಶ ಬೆರಳು ಮಡಚಿ ವಾರ ಲೆಕ್ಕ ಹಾಕಿದ. ಮನೆಗೆ ಬಂದ ಮೇಲೆ ಊಟದ ಹೊತ್ತಿಗೆ, "ವಾರಕ್ಕೊಂದು ತಗೊಂಡರೆ ಹುಣ್ಣಿಮೆಯೊಳಗೆ ಎಂತ ಆಗ್ತದೆ? ಎರಡು ದಿನ ಕೊಟ್ಟು ನೋಡಿದರೆ?" ಎಂದ.

ಕಾಮಾಕ್ಷಮ್ಮ ಅವನ ಮುಂದಿನಿಂದ ಗುಳಿಗೆಯ ಪಟ್ಟಿಯನ್ನು ಎತ್ತಿಕೊಂಡರು. "ಬೇಗ ಬೇಯಲಿ ಅಂತ ಒಲೆಗೆ ಮನೆಯ ಜಂತಿ ಹಾಕ್ತಾರಾ ಮಾರಾಯ? ಇದು ನನ್ನ ಹತ್ತಿರ ಇರ್ತದೆ." ದೇವರ ಮನೆಯ ಕುಂಕುಮದ ಪೆಟ್ಟಿಗೆಯಲ್ಲಿ ಇಟ್ಟರು. ಅಂದಿನಿಂದ ಪ್ರತಿ ಮಂಗಳವಾರ ಸೊಸೆಯ ಊಟವಾದ ಮೇಲೆ ಒಂದು ಗುಳಿಗೆ ತೆಗೆದು, ತೀರ್ಥ ಕೊಡುವ ಹಾಗೆ ಅಂಗೈಗೆ ಹಾಕುತ್ತಿದ್ದರು. ನುಂಗುವವರೆಗೆ ನಿಂತು ನೋಡುತ್ತಿದ್ದರು.

ಮೊದಲ ವಾರ ಏನೂ ಆಗಲಿಲ್ಲ. ಎರಡನೆಯ ವಾರ ಬುಧವಾರವಿಡೀ ಅನ್ನಪೂರ್ಣಳಿಗೆ ವಾಕರಿಕೆ. ಕಾಮಾಕ್ಷಮ್ಮ ಶುಂಠಿ ತಂಬುಳಿ ಮಾಡಿಸಿ ಅನ್ನಕ್ಕೆ ಕಲಸಿ ಕೊಟ್ಟರು. ಮೂರನೆಯ ವಾರವೂ ಬೆಳಗಿನ ಕೈ ಹಾಗೇ ಇತ್ತು. ಶಿವರಾತ್ರಿ ಕಳೆಯಿತು. ಸಂಜೆಗೆ ಒಂದೂವರೆ ಕಟ್ಟು, ಒಳ್ಳೆಯ ದಿನವಾದರೆ ಎರಡು. ಹೀಗೇ ಹೋದರೆ ಹುಣ್ಣಿಮೆಗೆ ಇನ್ನೂರು ಕಟ್ಟು ಬಾಕಿ ಉಳಿಯುತ್ತದೆ.

ಒಂದು ಸಂಜೆ ಅನ್ನಪೂರ್ಣ ತಟ್ಟೆಯನ್ನು ಬದಿಗೆ ಸರಿಸಿಬಿಟ್ಟಳು. "ಆಗೂದಿಲ್ಲ. ದೇವರಿಗೆ ಸುಳ್ಳು ಹೇಳಿದ ಹಾಗಾಯ್ತು."

ಮರುದಿನ ಅವಳು ಜಗಲಿಗೆ ಬಂದಾಗ ಕಾಮಾಕ್ಷಮ್ಮ ಕುರ್ಚಿಯಲ್ಲಿ ಕೂತಿದ್ದರು. ಬಲಗಾಲು ನೇರ ಮುಂದಕ್ಕೆ ಚಾಚಿತ್ತು, ಸ್ವಲ್ಪ ನಡುಗುತ್ತಿತ್ತು. ಮಡಿಲಲ್ಲಿ ಹತ್ತಿ. ಒಂದು ಬತ್ತಿ ಹೊಸೆದು ಮುಗಿಸಿ ಕಾಲು ಇಳಿಸಿದರು. ಎಡಗಾಲು ಎತ್ತಿ ಇನ್ನೊಂದಕ್ಕೆ ಹತ್ತಿ ತೆಗೆದರು.

"ಅತ್ತೆ, ಎಂತ ಮಾಡ್ತಿದೀರಿ?"

"ಕಾಣೂದಿಲ್ವಾ? ಮಂಡಿಗೆ ಔಷಧಿ. ಕಾಲು ಚಾಚಿ ಹತ್ತು ಎಣಿಸಿ ಅಂದಳಲ್ಲ ಆ ಕೂಸು. ಸುಮ್ಮನೆ ಎಣಿಸಿದರೆ ನನಗೆ ಆರಕ್ಕೇ ಬೇಜಾರು ಬರ್ತದೆ. ಒಂದು ಬತ್ತಿ ಹೊಸೆಯುವ ಹೊತ್ತಿಗೆ ಸರಿಯಾಗಿ ಹತ್ತಾಗ್ತದೆ."

"ಅದು ನನ್ನ ಹರಕೆ."

"ನಿನ್ನದೇ. ಮುಯ್ಯಿ ಅಂತ ಇಟ್ಟುಕೋ. ನಿನ್ನ ಕಟ್ಟಿಗೆ ಕೆಂಪು ದಾರ, ನನ್ನದಕ್ಕೆ ಹಸಿರು. ಲೆಕ್ಕ ಬೆರೆಯೂದಿಲ್ಲ. ಕೈ ಬಂದ ಮೇಲೆ ಒಂದೂ ಬಿಡದೆ ಹಿಂದೆ ಕೊಡಬೇಕು."

"ಬರದಿದ್ದರೆ?"

ಕಾಮಾಕ್ಷಮ್ಮ ಕಾಲು ಇಳಿಸಿದರು. "ಯಜ್ಞೇಶ ಹೊಟ್ಟೆಯಲ್ಲಿದ್ದಾಗ ನಾನೂ ಲಕ್ಷಬತ್ತಿ ಹೊತ್ತಿದ್ದೆ. ನಲವತ್ತು ಸಾವಿರ ಆಗಿತ್ತು. ನಮ್ಮ ಮಾವ ಹಾಸಿಗೆ ಹಿಡಿದರು, ಆರು ವರ್ಷ. ಮಡಿಗೂ ಬಿಡುವಿಲ್ಲ, ಬತ್ತಿಗೂ ಬಿಡುವಿಲ್ಲ. ಹೊಸೆದದ್ದನ್ನೆಲ್ಲ ದಿನದ ದೀಪಕ್ಕೆ ಹಾಕಿ ಮುಗಿಸಿದೆ. ಅರ್ಧಕ್ಕೆ ನಿಂತ ಹರಕೆ ಎದೆಯಲ್ಲಿ ಹೇಗೆ ಕೂರ್ತದೆ ಅಂತ ನನಗೆ ಗೊತ್ತು. ಅದಕ್ಕೇ ನಿನಗೆ ಬಯ್ದದ್ದು." ಹತ್ತಿಯ ಎಳೆಯೊಂದನ್ನು ಬಿಡಿಸುತ್ತ, "ಬಯ್ಯಬಾರದಿತ್ತು," ಎಂದರು.

ಅನ್ನಪೂರ್ಣ ತಟ್ಟೆ ತಂದು ಕುರ್ಚಿಯ ಪಕ್ಕದಲ್ಲೇ ಕೂತಳು. ಬಿಸಿನೀರಿನ ಸ್ನಾನದಿಂದ ಕೆಂಪಾದ ಬೆರಳುಗಳಿಗೆ ವಿಭೂತಿ ಹಚ್ಚಿಕೊಂಡಳು.

ಅಂದಿನಿಂದ ದಿನಕ್ಕೆ ಮೂರು ಹೊತ್ತು ಜಗಲಿಯಲ್ಲಿ ಇದೇ ನಡೆಯಿತು. ಸುಲೋಚನಮ್ಮ ಬೇಲಿಯಾಚೆಯಿಂದ ನೋಡಿ, "ಕಾಮಾಕ್ಷಮ್ಮ, ಒದೆಯೂದು ಯಾರಿಗೆ?" ಎಂದು ಕೇಳಿದರು.

"ಹತ್ತಿರ ಬಂದವರಿಗೆ," ಎಂದರು ಕಾಮಾಕ್ಷಮ್ಮ.

*

ಯುಗಾದಿ ಕಳೆದು ಹತ್ತು ದಿನವಾಗಿತ್ತು. ಅರ್ಪಣಾ ಎಂದಿನಂತೆ ಐದಕ್ಕೆ ಎದ್ದು ಮಿಂದು ಬಚ್ಚಲ ಬಾಗಿಲಲ್ಲಿ ನಿಂತಳು.

"ಅಮ್ಮ, ಈಚೆ ಬಾ."

ಅನ್ನಪೂರ್ಣ ಅಲ್ಲೇ ನಿಂತಳು. ಸೆರಗು ಸರಿಸಿ ತೋ‌ರಿಸಿದಳು. ಐದೂ ಹುಕ್ಕು ಹಾಕಿತ್ತು. ಎರಡನೆಯದು ತಪ್ಪಿ ಮೂರನೆಯ ಕಣ್ಣಿಗೆ ಬಿದ್ದು ರವಿಕೆ ಒಂದು ಬದಿಗೆ ಎಳೆದಿತ್ತು. ಮಗಳು ಅದನ್ನು ಸರಿಮಾಡಲು ಕೈ ಚಾಚಿದಳು.

"ಮುಟ್ಟಬೇಡ," ಎಂದಳು ತಾಯಿ. "ಇವತ್ತು ಹೀಗೇ ಇರಲಿ."

ಅರ್ಪಣಾ ಒದ್ದೆ ಕೂದಲಿನಲ್ಲೇ ಓಡಿಹೋಗಿ ಅಜ್ಜಿಯನ್ನು ಎಬ್ಬಿಸಿದಳು. ಕಾಮಾಕ್ಷಮ್ಮ ಹಾಸಿಗೆಯಿಂದ ಎದ್ದು ಬಂದು ಸೊಸೆಯ ರವಿಕೆಯನ್ನು ನೋಡಿದರು. ನೇರ ದೇವರ ಮನೆಗೆ ಹೋಗಿ ದೀಪ ಹಚ್ಚಿದರು. ದೀಪ ಹಚ್ಚಿದ ಮೇಲೆ ಅವರಿಗೆ ನೆನಪಾಯಿತು, ಇನ್ನೂ ಸ್ನಾನ ಆಗಿರಲಿಲ್ಲ. ಎಪ್ಪತ್ತು ವರ್ಷದಲ್ಲಿ ಆ ತಪ್ಪು ಅದೇ ಮೊದಲು. ಕೈಮುಗಿದು, "ನೋಡಿಯೂ ನೋಡದ ಹಾಗೆ ಇರು ತಾಯಿ," ಎಂದು ಹೊರಗೆ ಬಂದರು.

ಆಮೇಲೆ ದಿನಗಳು ಮುಂದೆ ನೂಕಿದ ಹಾಗೆ ಹೋದವು. ಬೆಳಗಿನ ಬಿಗಿ ಅರ್ಧ ಗಂಟೆಗೆ ಇಳಿಯಿತು. ಅನ್ನಪೂರ್ಣ ಈಳಿಗೆಮಣೆಯ ಮೇಲೆ ಕೂತು ಇಡೀ ತೆಂಗಿನಕಾಯಿ ತುರಿದಳು. ಯಜ್ಞೇಶ ಬೇಗ ಬಂದ ಸಂಜೆ ಪಾತ್ರೆ ತೊಳೆಯತೊಡಗಿದ. ಮೊದಲ ದಿನ ಬೀದಿಯವರಿಗೆ ಕಾಣದ ಹಾಗೆ ಹಿತ್ತಿಲ ಬಾಗಿಲು ಮುಚ್ಚಿಕೊಂಡು, ನಾಲ್ಕನೆಯ ದಿನದಿಂದ ತೆರೆದಿಟ್ಟುಕೊಂಡು. ಬತ್ತಿ ದಿನಕ್ಕೆ ಐದು ಕಟ್ಟು, ಆಮೇಲೆ ಆರು. ಅರ್ಪಣಾ ಹತ್ತಿಯ ಬೀಜ ಬಿಡಿಸಿ ಎಳೆ ಮಾಡಿ ಕೊಡುತ್ತಿದ್ದಳು.

ತಿಂಗಳ ರಕ್ತಪರೀಕ್ಷೆಗೆ ಹೋದಾಗ ಶಿಲ್ಪಶ್ರೀ ಅನ್ನಪೂರ್ಣಳ ಮುಷ್ಟಿಯೊಳಗೆ ತಮ್ಮ ಎರಡು ಬೆರಳು ಇಟ್ಟು, "ಹಿಸುಕಿ," ಎಂದರು. ಅವಳು ಹಿಸುಕಿದಳು. "ಸಾಕು, ಸಾಕು, ನನಗೆ ಮಧ್ಯಾಹ್ನ ಇನ್ನೂ ಬರೆಯೂದು ಇದೆ," ಎಂದು ನಕ್ಕರು. "ಗುಣ ಬಂತು ಅಂತ ಗುಳಿಗೆ ಬಿಡಬೇಡಿ. ಅಜ್ಜಿ, ಪುಷ್ಯದ ಒಂದು ಕಟ್ಟು ನನಗೆ ಕೊಡ್ತೀರಾ? ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಯರಿಗೆ ತೋರಿಸಬೇಕು. ಹೀಗೆ ಬತ್ತಿ ಬಿಚ್ಚಿಕೊಂಡರೆ ಬಯ್ಯಬೇಡಿ, ಕರಕೊಂಡು ಬನ್ನಿ ಅಂತ."

"ತಗೊಳ್ಳಿ. ಅದಕ್ಕೆ ಬದಲು ಒಂದು ಕಟ್ಟು ಇವಳು ಹೊಸೀತಾಳೆ," ಎಂದರು ಕಾಮಾಕ್ಷಮ್ಮ. ಆಮೇಲೆ ಸೀರೆಯ ನೆರಿಗೆ ಹಿಡಿದು, ಕುರ್ಚಿಯ ಕೈ ಮುಟ್ಟದೆ, ಕೂತಲ್ಲಿಂದ ಎದ್ದು ನಿಂತು ತೋರಿಸಿದರು. "ಇದನ್ನೂ ಬರಕೊಳ್ಳಿ."

ವೈಶಾಖ ಹುಣ್ಣಿಮೆಯ ಸಂಜೆ ಬೆಟ್ಟದ ಮೆಟ್ಟಿಲ ಬುಡದಲ್ಲಿ ಯಜ್ಞೇಶ, "ಅಮ್ಮ, ನೀನು ಇಲ್ಲೇ ಕೂತಿರು. ಪ್ರಸಾದ ತರ್ತೇವೆ," ಎಂದ.

"ಪ್ರಸಾದ ನಾನು ನಿನಗೆ ತರ್ತೇನೆ," ಎಂದು ಕಾಮಾಕ್ಷಮ್ಮ ಮೊದಲ ಮೆಟ್ಟಿಲಿಗೆ ಕಾಲಿಟ್ಟರು. ಒಂದು ಕೈಯಲ್ಲಿ ಕೋಲು, ಒಂದು ಕೈ ಸೊಸೆಯ ಕೈಯಲ್ಲಿ. ಹತ್ತು ಮೆಟ್ಟಿಲಿಗೊಮ್ಮೆ ನಿಂತರು. ನಿಂತಾಗಲೆಲ್ಲ ಊರನ್ನು ನೋಡಿದರು. ಅನ್ನಪೂರ್ಣ ಅತ್ತೆಯ ಕೈಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಿದ್ದಳು. ಮೇಲೆ ಮುಟ್ಟುವವರೆಗೆ ಬಿಡಲಿಲ್ಲ.

ತುಪ್ಪದಲ್ಲಿ ನೆನೆಸಿದ ಸಾವಿರ ಕಟ್ಟುಗಳನ್ನು ದೊಡ್ಡ ಹಣತೆಗಳಲ್ಲಿ ಸಾಲಾಗಿ ಇಟ್ಟರು. ಅದರಲ್ಲಿ ಹಸಿರು ದಾರದವು ತೊಂಬತ್ತನಾಲ್ಕು. ಅನ್ನಪೂರ್ಣ ಮೊದಲನೆಯದನ್ನು ಮುಟ್ಟಿಸಿದಳು. ಬೆಂಕಿ ಕಟ್ಟಿನಿಂದ ಕಟ್ಟಿಗೆ ಹರಿಯಿತು. ಶ್ರಾವಣದ ತೆಳ್ಳನೆಯವೂ ಪುಷ್ಯದ ಸಡಿಲಾದವೂ ಒಂದೇ ಹಾಗೆ ಉರಿದವು. ಅರ್ಪಣಾ ತಾಯಿಯ ಪಕ್ಕದಲ್ಲಿ ನಿಂತಿದ್ದಳು. ಬೆಳಕು ಅವಳ ಮುಖದ ಮೇಲೆ ಬಿದ್ದಾಗ ಅನ್ನಪೂರ್ಣ ದೇವರನ್ನು ನೋಡದೆ ಮಗಳನ್ನೇ ನೋಡಿದಳು.

*

ಜ್ಯೇಷ್ಠದ ಕೊನೆಯ ವಾರ. ಊಟ ಮುಗಿದು ಮನೆ ಸದ್ದಿಲ್ಲದೆ ಇತ್ತು. ಕಾಮಾಕ್ಷಮ್ಮ ಜಗಲಿಯ ಕುರ್ಚಿಯಲ್ಲಿ ಕೂತು ಕಾಲು ಚಾಚಿದ್ದರು. ಹರಕೆ ಮುಗಿದರೂ ಆ ಅಭ್ಯಾಸ ಬಿಟ್ಟಿರಲಿಲ್ಲ.

ಅನ್ನಪೂರ್ಣ ಒಳಗಿನಿಂದ ಬಂದು ಅವರ ಪಕ್ಕದ ಮಣೆಯ ಮೇಲೆ ಡಬ್ಬಿಯನ್ನು ಇಟ್ಟಳು. ಪಾತ್ರೆ ಎತ್ತಿಡಲು ಒಳಗೆ ಹೋದಳು.

ಕಾಮಾಕ್ಷಮ್ಮ ಮುಚ್ಚಳ ತೆಗೆದರು. ತೊಂಬತ್ತನಾಲ್ಕು ಕಟ್ಟು, ಎಲ್ಲದಕ್ಕೂ ಹಸಿರು ದಾರ. ಅವರು ಎಣಿಸಲಿಲ್ಲ. ಒಂದು ಕಟ್ಟಿನಿಂದ ಒಂದು ಬತ್ತಿ ಎಳೆದು ಹೆಬ್ಬೆರಳು ತೋರುಬೆರಳುಗಳ ನಡುವೆ ಉಲ್ಟಾ ತಿರುಗಿಸಿ ನೋಡಿದರು. ಬಿಚ್ಚಿಕೊಳ್ಳಲಿಲ್ಲ. ಇನ್ನೊಮ್ಮೆ ತಿರುಗಿಸಿದರು. ಸೂಜಿಯ ಹಾಗೆ ಗಟ್ಟಿಯಾಗಿತ್ತು.

ಅದನ್ನು ಮತ್ತೆ ಕಟ್ಟಿಗೆ ಸೇರಿಸಿ, ಮುಚ್ಚಳ ಹಾಕಿ, ಮಡಿಲಿನ ಹತ್ತಿಯಿಂದ ಹೊಸ ಎಳೆಯೊಂದನ್ನು ತೆಗೆದರು. ಎಡಗಾಲನ್ನು ಮೇಲೆತ್ತಿ ನೇರ ಹಿಡಿದರು.